ಮೆತ್ತನೆ ಕಿಕ್ಕು

ಬೆಳಿಗ್ಗೆ ಒಂಬತ್ತೂವರೆಗೆ, ಹೆಣ ಇನ್ನೂ ನಡುಮನೆಯಲ್ಲಿರುವಾಗಲೇ, ಅಂಗಳದಲ್ಲಿ ಸತ್ತವನ ಬೈಕಿನ ಇಂಜಿನ್ ಹೆಡ್ಡು ಬಿಚ್ಚತೊಡಗಿದರು. ಗಿಡ್ಡ ಮಂಡಿಯೂರಿ ಕೂತು ಪ್ಲಗ್ ತೆಗೆದು ಪಕ್ಕಕ್ಕಿಟ್ಟಿದ್ದ. ನಾಲ್ಕು ನಟ್ಟುಗಳಲ್ಲಿ ಎರಡು ಆಗಲೇ ಸಡಿಲವಾಗಿದ್ದವು. ಸ್ಪ್ಯಾನರಿನ ಸದ್ದು ಕೇಳಿ ಸತ್ತವನ ಹೆಂಡತಿ ಹೆಣದ ಪಕ್ಕದಿಂದ ಎದ್ದು ಬಾಗಿಲಿಗೆ ಬಂದಳು.

"ಏನ್ ಮಾಡ್ತಿದೀಯ?"

"ಶವದ ವ್ಯಾನಿನ ಮುಂದೆ ಮಾಸ್ಟರ್ ಗಾಡಿನೇ ಹೋಗ್ಬೇಕು ಅಂತ ಸ್ಟಾರ್ಟ್ ಮಾಡಿದೆ ಅಕ್ಕ. ಕಿಕ್ಕು ಒದ್ರೆ ಬೆಣ್ಣೆ ಮೇಲೆ ಕಾಲಿಟ್ಟಂಗಿತ್ತು! ಯಾವನೋ ಪಾಪಿ ಕಂಪನಿ ಹೆಡ್ಡು ಹಾಕಿ, ಅದರಡಿ ಎರಡೆರಡು ಗ್ಯಾಸ್ಕೆಟ್ ಕೂರಿಸಿದಾನೆ."

"ಹಾಲಿನವನ ಗಾಡಿ ಆಗಿದೆ," ಎಂದ ಪಕ್ಕದಲ್ಲಿದ್ದವನು. "ಹಿಂದೆ ಎರಡು ಕ್ಯಾನ್ ಕಟ್ಟೋದೊಂದೇ ಬಾಕಿ."

ನಾಲ್ಕೈದು ಜನ ನಕ್ಕರು. ನಡುಮನೆಯ ನೆನಪಾಗಿ ಬಾಯಿ ಮುಚ್ಚಿಕೊಂಡರು.

ಗಿಡ್ಡನಿಗೆ ನಲವತ್ತು ದಾಟಿತ್ತು. ಮಾಸ್ಟರ್ ಕೈಕೆಳಗೆ ಕಲಿತವರಲ್ಲಿ ಅವನೇ ಹಿರಿಯ. ಟೂ-ಸ್ಟ್ರೋಕ್ ಬೈಕಿನ ಹೆಡ್ಡನ್ನು ಲೇತಿಗೆ ಕಟ್ಟಿ, ತಳವನ್ನು ಒಂದಿಷ್ಟೇ ಕೆರೆದು, ಸಿಲಿಂಡರಿನ ಒತ್ತಡ ಏರಿಸುವುದರಲ್ಲಿ ಮಾಸ್ಟರನ್ನು ಮೀರಿಸುವವರು ಆ ಊರಿನಲ್ಲಿ ಇರಲಿಲ್ಲ. ಮಾಸ್ಟರನ ಕೈ ಬಿದ್ದ ಗಾಡಿ ಗುಂಡಿನ ಹಾಗೆ ಹಾರುತ್ತಿತ್ತು. ಸ್ಟಾರ್ಟ್ ಮಾಡಲು ಮಾತ್ರ ತೊಡೆಯಲ್ಲಿ ಕಸುವು ಬೇಕು. ಕಿಕ್ಕು ಅರ್ಧಕ್ಕೆ ನಿಂತರೆ ತಿರುಗಿ ಹೊಡೆಯುತ್ತಿತ್ತು. ಎಲ್ಲಕ್ಕಿಂತ ಗಟ್ಟಿ ಅವನ ಸ್ವಂತ ಗಾಡಿ. ಅದನ್ನು ಒಮ್ಮೆ ಒದ್ದು ಎಬ್ಬಿಸಿದವನು ತಿಂಗಳುಗಟ್ಟಲೆ ಕೊಚ್ಚಿಕೊಳ್ಳುತ್ತಿದ್ದ.

ಆ ಪಾಪಿ ಯಾರೆಂದು ಅವಳೊಬ್ಬಳಿಗೇ ಗೊತ್ತಿತ್ತು.

*

ನಾಲ್ಕು ತಿಂಗಳ ಹಿಂದೆ ಮಾಸ್ಟರನ ಉಸಿರು ಕೈಕೊಟ್ಟಿತು. ಗಾಡಿ ರಿಪೇರಿಯ ಶೆಡ್ಡಿಗೆ ಬೀಗ ಬಿತ್ತು. ಅವಳಿಗೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ ಸಿಕ್ಕಿತು. ಪಾಳಿ ಶುರುವಾಗುವುದು ಬೆಳಿಗ್ಗೆ ಐದಕ್ಕೆ, ಮೊದಲ ಬಸ್ಸು ಆರಕ್ಕೆ.

"ಬೈಕ್ ಕಲಿಸಿ," ಎಂದಳು.

"ಅದನ್ನ ಒದೆಯೋಕೆ ನಿನ್ನಂಥವ್ರು ಇಬ್ರು ಬೇಕು," ಎಂದ. ಎರಡು ದಿನ ಮಾತು ಬಿಟ್ಟ. ಮೂರನೆಯ ದಿನ ಶೆಡ್ಡಿಗೆ ಹೋಗಿ ಯಾರೋ ಬಿಟ್ಟುಹೋಗಿದ್ದ ಹಳೆಯ ಹೆಡ್ಡೊಂದನ್ನು ಹುಡುಕಿ ತಂದ. ಲೇತಿನ ಮುಖ ನೋಡದ ಹೆಡ್ಡು. ಒತ್ತಡ ಇನ್ನೂ ಇಳಿಯಲೆಂದು ಅಡಿಗೆ ಎರಡು ಗ್ಯಾಸ್ಕೆಟ್ ಇಟ್ಟು, ಒಂದೊಂದು ನಟ್ಟಿಗೂ ಕೂತು ಸುಧಾರಿಸಿಕೊಂಡು ಅದನ್ನು ಕೂರಿಸಿದ. ಹೆಡ್ಡಿಗೂ ಪಿಸ್ಟನ್ನಿಗೂ ನಡುವಿನ ಸಂದಿ ಅಳೆಯಲು ಪ್ಲಗ್ಗಿನ ತೂತಿನಲ್ಲಿ ಬೆಸುಗೆಯ ತಂತಿ ತೂರಿಸಿ, ಕಿಕ್ಕರನ್ನು ಕೈಯಲ್ಲೇ ಒತ್ತಿ ಪಿಸ್ಟನ್ ಮೇಲೇರಿಸಿ, ತಂತಿ ಎಳೆದು ತೋರಿಸಿದ. ಬೇರೆ ಗಾಡಿಗಳಲ್ಲಿ ಕಾಗದದಷ್ಟು ಚಪ್ಪಟೆಯಾಗಿ ಬರುತ್ತಿದ್ದ ತಂತಿ ಇಲ್ಲಿ ಹೋದ ಹಾಗೇ ಗುಂಡಗೆ ಬಂತು.

"ನೋಡು, ಹಲ್ಲು ಕಿತ್ತ ಗಾಡಿ. ಇದಕ್ಕಿಂತ ನನ್ನ ಕಾಲು ಕತ್ತರಿಸಿದ್ರೆ ವಾಸಿ ಇತ್ತು." ಸ್ವಲ್ಪ ಹೊತ್ತು ಉಸಿರೆಳೆದುಕೊಂಡ. "ಬೆಳಕು ಹರಿಯೋಕ್ ಮುಂಚೆ ಹೋಗು. ವಾಪಸ್ ಬರೋವಾಗ ಹಿಂದಿನ ರಸ್ತೆಯಲ್ಲಿ ಬಾ. ಗಿಡ್ಡನ ಕಣ್ಣಿಗೆ ಬಿದ್ಯೋ, ಅವತ್ತೇ ನಾನು ಸತ್ತೆ ಅನ್ಕೋ."

ಅವಳು ಯಾರ ಕಣ್ಣಿಗೂ ಬೀಳಲಿಲ್ಲ. ಅವನು ಹೇಗೂ ಸತ್ತ.

*

ಮೂರನೆಯ ನಟ್ಟು ಬಿಚ್ಚುವಷ್ಟರಲ್ಲಿ ಅವಳು ಮೆಟ್ಟಿಲಿಳಿದಳು.

"ಅದು ಹಾಗೇ ಇರ್ಲಿ."

"ಯಾಕಕ್ಕ?"

"ನಾನು ಓಡಿಸ್ತೀನಿ. ನಂಗೋಸ್ಕರ ಅವರೇ ಹಾಕಿದ್ದು. ನಾಳೆ ಕೆಲಸಕ್ಕೆ ಹೋಗ್ಬೇಕು."

ಗೇಟಿನ ಹತ್ತಿರ ಯಾರೋ ಕಿಸಕ್ಕೆಂದ.

"ಮಾಸ್ಟರ್ ಹಂಗೆಲ್ಲ ಮಾಡೋರಲ್ಲ ಅಕ್ಕ," ಎಂದ ಗಿಡ್ಡ, ಮಗುವಿಗೆ ಹೇಳುವ ಹಾಗೆ.

ಮೈದುನ ಬಂದು ಅವಳ ಮೊಣಕೈ ಹಿಡಿದ. "ಅತ್ತಿಗೆ, ಮಾಡಿದ್ರೂ ಮಾಡಿರ್ತಾನೆ. ಕೊನೇಲಿ ಅಣ್ಣನ ತಲೆ ನೆಟ್ಟಗಿರ್ಲಿಲ್ಲ. ಊರಿಗೆಲ್ಲ ಡಂಗುರ ಹೊಡೀಬೇಕಾ? ಅವನ ಮಾನ ಅವನ ಜೊತೆ ಹೋಗ್ಲಿ, ಒಳಗೆ ನಡೀರಿ."

"ನೀನು ದಿನಾ ನಾಲ್ಕೂವರೆಗೆ ಬಂದು ನನ್ನ ಬಿಟ್ಟು ಬರ್ತೀಯೇನಪ್ಪ?"

"ಈಗ ಅದೆಲ್ಲ ಮಾತಾ?"

ಮಾಸ್ಟರ್ ಕೆರೆದಿದ್ದ ಮೊದಲಿನ ಹೆಡ್ಡು ಶೆಡ್ಡಿನ ಗೋಡೆಯ ಮೊಳೆಗೆ ತೂಗುಹಾಕಿತ್ತು. ಗಿಡ್ಡ ಅದನ್ನು ತಂದು ಒರೆಸಿ, ಒಂದೇ ಗ್ಯಾಸ್ಕೆಟ್ ಇಟ್ಟು ಬಿಗಿದ. ತಂತಿ ಹಾಕಿ ನೋಡುವ ಗೋಜಿಗೆ ಹೋಗಲಿಲ್ಲ. ಎರಡು ಸಲ ಒದ್ದ, ಎರಡು ಸಲವೂ ಕಿಕ್ಕರ್ ಅವನನ್ನು ಮೇಲಕ್ಕೆತ್ತಿತು. ಮೂರನೆಯದಕ್ಕೆ ಗಾಡಿ ಕಿವಿ ಹರಿಯುವ ಹಾಗೆ ಎದ್ದಿತು. "ಇದು ಮಾಸ್ಟರ್!" ಎಂದು ಒಬ್ಬ ಅತ್ತ. ದಾರಿಯುದ್ದಕ್ಕೂ ಗಿಡ್ಡ ಆಕ್ಸಿಲರೇಟರ್ ತಿರುವುತ್ತಲೇ ಇದ್ದ. ಅಂಗಡಿಗಳವರು ಹೊರಗೆ ಬಂದು ನಿಂತರು. ವ್ಯಾನಿನೊಳಗೆ ಶವದ ಪೆಟ್ಟಿಗೆಯ ಪಕ್ಕ ಕೂತ ಅವಳಿಗೆ ಆ ಸದ್ದು ಬಿಟ್ಟು ಬೇರೇನೂ ಕೇಳಿಸಲಿಲ್ಲ.

ಸ್ಮಶಾನದ ಗೇಟಿನಲ್ಲಿ ಲಾಂಡ್ರಿಯ ಮೇಲ್ವಿಚಾರಕಿ ಅವಳ ಕೈ ಹಿಡಿದುಕೊಂಡಳು. "ದುಃಖ ಯಾರಿಗಿಲ್ಲ ಹೇಳು. ನಾಳೆ ಬಂದ್ಬಿಡು. ಚಾದರ ರಾಶಿ ಬಿದ್ದಿದೆ."

ಸಂಜೆ ಬೈಕನ್ನು ಅಂಗಳದಲ್ಲಿ ನಿಲ್ಲಿಸಿ ಗಿಡ್ಡ ಹೊರಡುತ್ತಿದ್ದ.

"ಆ ಇನ್ನೊಂದು ಹೆಡ್ಡು ಎಲ್ಲಿ?"

"ಬಟ್ಟೆ ಸುತ್ತಿ ಮಾಸ್ಟರ್ ಕಾಲ ಹತ್ರ ಇಟ್ವಿ ಅಕ್ಕ, ಪೆಟ್ಟಿಗೆಯಲ್ಲೇ, ಮಣ್ಣಿಗೆ ಹೋಯ್ತು. ಇನ್ನು ಯಾರ ಕಣ್ಣಿಗೂ ಬೀಳಲ್ಲ ಬಿಡಿ."

"ಬೇರೆ ಯಾವುದಾದ್ರೂ ಒಂದು ಹಾಕ್ಕೊಡು."

"ಮಾಸ್ಟರ್ ಕೆರೆದ ಹೆಡ್ಡಿನ ಮೇಲೆ ಕೈ ಹಾಕೋದಾ?" ಗಿಡ್ಡ ಕೆನ್ನೆ ಬಡಿದುಕೊಂಡ. "ಪಾಪ ಬರುತ್ತೆ."

*

ಮರುದಿನ ನಾಲ್ಕೂವರೆಗೆ ಅವಳು ಬೈಕನ್ನು ಗೇಟಿನಾಚೆ ತಳ್ಳಿ ನಿಲ್ಲಿಸಿದಳು. ಕಿಕ್ಕರಿನ ಮೇಲೆ ಎದ್ದು ನಿಂತು ಪೂರ್ತಿ ಭಾರ ಬಿಟ್ಟಳು. ಕಿಕ್ಕು ಅರ್ಧಕ್ಕೆ ನಿಂತಿತು, ಆಮೇಲೆ ತಿರುಗಿ ಹೊಡೆಯಿತು. ಬಲಗಾಲಿನ ಕಣಕಾಲು ಎರಡು ಕಡೆ ಮುರಿದಿತ್ತು.

ಸುದ್ದಿ ತಿಳಿದು ಗಿಡ್ಡ ನಾಲ್ಕು ಜನರನ್ನು ಕಟ್ಟಿಕೊಂಡು ವಾರ್ಡಿಗೆ ಬಂದ. ಪ್ಲಾಸ್ಟರನ್ನು ಬೆರಳಿನಿಂದ ತಟ್ಟಿ ನೋಡಿದ.

"ಸತ್ಮೇಲೂ ಒದೀತಾರಲ್ಲ ಅಕ್ಕ! ಕೆಲಸ ಅಂದ್ರೆ ಇದು."

ಹೊರಡುವ ಮುಂಚೆ ಅವರಲ್ಲೊಬ್ಬ ನರ್ಸಿನ ಹತ್ತಿರ ಪೆನ್ನು ಕೇಳಿ, ಪ್ಲಾಸ್ಟರಿನ ಮೇಲೆ ದಪ್ಪಗೆ 'ಮಾಸ್ಟರ್' ಎಂದು ಬರೆದ.

ಮುಂದಿನ ಸೋಮವಾರ ಲಾಂಡ್ರಿಯವರು ಅವಳ ಜಾಗಕ್ಕೆ ಬೇರೊಬ್ಬಳನ್ನು ತೆಗೆದುಕೊಂಡರು. ಆ ಹೊಸಬಳ ಮನೆ ಆಸ್ಪತ್ರೆಯ ಎದುರಿಗೇ ಇತ್ತು.