ಅರ್ಧ ಬೆಂಚು

ಎದೆ ತಟ್ಟಿ ಹೇಳುತ್ತೇನೆ ಕೇಳಿ: ಹೊಟ್ಟೆಕಿಚ್ಚಿಗೆ ಅಂತ ಒಂದು ಪ್ರಶಸ್ತಿ ಇದ್ದಿದ್ದರೆ ಅದು ಈ ಕತೆಯ ತಂಗಿಯ ಮನೆ ಬಿಟ್ಟು ಬೇರೆಲ್ಲೂ ಹೋಗುತ್ತಿರಲಿಲ್ಲ. ಸತ್ತು ಮಲಗಿದ ಅಕ್ಕನ ಎದುರಿಗೇ ಅಕ್ಕನ ಪಿಯಾನೋ ನುಡಿಸಿ, ತುಂಬಿದ ಮನೆಯನ್ನೇ ಎಬ್ಬಿಸಿ ನಿಲ್ಲಿಸಿದವಳು ಅವಳು. ಇಂಥ ಕ್ಲೈಮ್ಯಾಕ್ಸ್ ನಿಮಗೆ ಯಾರೂ ತೋರಿಸಿರಲಿಕ್ಕಿಲ್ಲ. ನಂಬಿಕೆ ಬರದಿದ್ದರೆ ಕೊನೆತನಕ ಕೂತಿರಿ.

“ಏಳಮ್ಮಾ ಅಲ್ಲಿಂದ!” ಕೈಚೀಲ ಕೆಳಗಿಡುವ ಮೊದಲೇ ತಂಗಿ ಗುಡುಗಿದಳು.

ಪಿಯಾನೋ ಪಕ್ಕದ ಕುರ್ಚಿಯಲ್ಲಿ ಕೂತು ಮುಚ್ಚಳ ಎತ್ತುತ್ತಿದ್ದ ಅಕ್ಕನ ಶಿಷ್ಯೆ ಬೆಚ್ಚಿಬಿದ್ದಳು. ಅತ್ತು ಅತ್ತು ಅವಳ ಮೂಗು ಕೆಂಪಾಗಿತ್ತು. ನಡುಮನೆಯಲ್ಲಿ ಕುತ್ತಿಗೆತನಕ ಬಿಳಿ ಬಟ್ಟೆ ಹೊದ್ದು ಅಕ್ಕ ಮಲಗಿದ್ದಳು.

“ಮೇಡಮ್ ಕಚೇರಿ ಮುಗಿಸ್ತಿದ್ದ ಪೀಸ್ ಇದೆಯಲ್ಲ ಆಂಟಿ, ಅದನ್ನ ನುಡಿಸಿ ಕಳಿಸಿಕೊಡೋಣ ಅಂತ...”

“ನಾನು ನುಡಿಸ್ತೀನಿ. ನೀನು ನಿನ್ನೆ ಮೊನ್ನೆ ಬಂದೋಳು, ನಾನು ಒಡಹುಟ್ಟಿದೋಳು. ಸ್ವಲ್ಪ ಸೀನಿಯಾರಿಟಿ ನೋಡ್ಕೊಂಡು ಅಳು.”

ಸುದ್ದಿ ಕೇಳಿದ ತಕ್ಷಣ ತಂಗಿ ಮಾಡಿದ ಮೊದಲ ಕೆಲಸವೆಂದರೆ ಉಗುರು ಕತ್ತರಿಸಿಕೊಂಡದ್ದು. ಪಿಯಾನೋ ನುಡಿಸುವವರು ಉಗುರು ಬಿಡುವುದಿಲ್ಲ. ಅಕ್ಕನಿಗೆ ಚಪ್ಪಾಳೆ ತಂದುಕೊಟ್ಟ ಅದೇ ಪೀಸನ್ನು ಅಕ್ಕನಿಗಿಂತ ಚೆನ್ನಾಗಿ ನುಡಿಸಿಬಿಡಬೇಕು. ಅದಕ್ಕೆ ಇವತ್ತು ಬಿಟ್ಟರೆ ಇನ್ನೊಂದು ದಿನವಿಲ್ಲ. ಕಣ್ಣೊರೆಸಿಕೊಳ್ಳಲು ತಂದ ಕರ್ಚೀಫು ಇಸ್ತ್ರಿಯ ಮಡಿಕೆ ಬಿಚ್ಚದೆ ಕೈಚೀಲದಲ್ಲೇ ಇತ್ತು.

*

ಚಿಕ್ಕಂದಿನಲ್ಲಿ ಪಿಯಾನೋ ಟೀಚರ್ ಇಬ್ಬರನ್ನೂ ಒಂದೇ ಬೆಂಚಿನ ಮೇಲೆ ಕೂರಿಸುತ್ತಿದ್ದರು. ಎಡಕ್ಕೆ ಅಕ್ಕ, ಬಲಕ್ಕೆ ತಂಗಿ. ಅಂಗೈಯಲ್ಲಿ ನಿಂಬೆಹಣ್ಣು ಹಿಡಿದ ಹಾಗೆ ಬೆರಳು ಗುಂಡಗಿರಬೇಕು, ಮೊಣಕೈ ಎದ್ದರೆ ಸ್ಕೇಲಿನ ಏಟು. ಸ್ವರಗಳನ್ನು ಹತ್ತಿ ಇಳಿದು ಬೆರಳು ಸೋತ ಮೇಲೆ ಕೊನೆಗೆ ಜೋಡಿಪಾಠ: ಒಂದೇ ಪಿಯಾನೋ, ನಾಲ್ಕು ಕೈ. ಕೆಳಗಿನ ದಪ್ಪ ಸ್ವರಗಳು ಅಕ್ಕನವು, ಮೇಲಿನ ರಾಗ ತಂಗಿಯದು.

“ರಾಗ ನಂದು, ಇವಳದ್ದು ಬರೀ ಢಮ್ ಢಮ್,” ಎಂದು ತಂಗಿ ಮೆರೆಯುತ್ತಿದ್ದಳು.

ಸಂಗೀತ ಕಾಲೇಜಿಗೆ ಒಬ್ಬಳನ್ನು ಕಳಿಸುವ ಹೊತ್ತು ಬಂದಾಗ ಟೀಚರ್ ಅಕ್ಕನ ಭುಜ ಮುಟ್ಟಿದರು. “ಚಿಕ್ಕವಳಿಗೆ ಕೈ ಇದೆ, ಕಿವಿ ಇಲ್ಲ. ಪಕ್ಕದವಳು ಏನು ನುಡಿಸ್ತಿದಾಳೆ ಅಂತ ಒಂದು ದಿನಾನೂ ಕೇಳಿಸ್ಕೊಳ್ಳಲ್ಲ.”

ಅಕ್ಕ ಹೋದಳು. ಬೆನ್ನು ಬಿದ್ದುಹೋಗುವಷ್ಟು ಅಭ್ಯಾಸ ಮಾಡಿದಳು. ಕೀಗಳು ಸಿಕ್ಕಿಕೊಳ್ಳುವ ಯಾರ್ಯಾರದೋ ಪಿಯಾನೋಗಳ ಮೇಲೆ, ಚಳಿಗೆ ಬಿಸಿನೀರಿನಲ್ಲಿ ಕೈ ಅದ್ದಿಕೊಂಡು, ಅರ್ಧ ಖಾಲಿ ಸಭಾಂಗಣಗಳಲ್ಲಿ ನುಡಿಸಿದಳು. ಜಗತ್ತೇನೂ ಅವಳ ಕಾಲಿಗೆ ಬೀಳಲಿಲ್ಲ. ಪೋಸ್ಟರಿನಲ್ಲಿ ಗಾಯಕರ ಹೆಸರಿನ ಕೆಳಗೆ ಇರುವೆ ಗಾತ್ರದಲ್ಲಿ ಅವಳ ಹೆಸರು, ಮೂಲೆಯಲ್ಲೊಂದು ಫೋಟೊ. ಶಾಲೆಯ ಬೆಳಗಿನ ಪ್ರಾರ್ಥನೆಗೆ ಪಿಯಾನೋ ಬಾರಿಸುತ್ತಿದ್ದ ತಂಗಿಗೆ ಅಷ್ಟನ್ನೂ ಸಹಿಸಲಾಗಲಿಲ್ಲ. ಆ ಫೋಟೊಗೆ ಮೀಸೆ ಬರೆಯುತ್ತಿದ್ದವರು ಯಾರೆಂದು ನಾನು ಬಾಯಿಬಿಟ್ಟು ಹೇಳಬೇಕಿಲ್ಲ.

“ಬಾರೇ, ಒಂದ್ಸಲ ಪಕ್ಕ ಕೂತ್ಕೋ, ಜೋಡಿಪಾಠ ನುಡಿಸೋಣ,” ಎಂದು ಅಕ್ಕ ಕಂಡಾಗಲೆಲ್ಲ ಕರೆಯುತ್ತಿದ್ದಳು.

“ಸೈಡ್ ಪಾರ್ಟು ನಾನು ಮಾಡಲ್ಲಕ್ಕ. ನನ್ನ ಪಿಕ್ಚರಿಗೆ ನಾನೇ ಹೀರೋಯಿನ್ನು.”

*

“ಒಂದು ಮಾತು ಕೇಳ್ಲಾ ಸಾರ್?” ಪಕ್ಕದ ಮನೆಯ ದರ್ಜಿ ಅಕ್ಕನ ಗಂಡನ ಕಿವಿಯ ಹತ್ತಿರ ಬಗ್ಗಿದ. ಪಿಸುಮಾತು ಮನೆಗೆಲ್ಲ ಕೇಳಿಸಿತು. “ಅಮ್ಮಾವ್ರು ಅಷ್ಟು ದೊಡ್ಡ ಕಲಾವಿದೆ. ಆದ್ರೆ ದಿನಾ ಸಂಜೆ ಗೋಡೆ ಆಚೆಯಿಂದ ಬರೀ ಢಮ್ ಢಮ್. ರಾಗಾನೇ ಇಲ್ಲ! ಒಂದೇ ತೋಳು ಹೊಲಿದ ಅಂಗಿ ಥರ.”

“ನಾನೂ ಅವಳನ್ನ ಇದೇ ಕೇಳಿದ್ದೆ,” ಭಾವ ಕನ್ನಡಕ ಒರೆಸಿಕೊಂಡರು. “ಮಿಕ್ಕಿದ್ದು ಬರುತ್ತೆ ಬಿಡ್ರೀ, ಅಂತಿದ್ಲು.”

ಬೆಂಚಿನ ಮೇಲೆ ಕೂತ ತಂಗಿ ಎಡಕ್ಕೆ ವಾಲಿದಳು. ಬಗ್ಗಿ ನೋಡಿದಳು. ಮೆತ್ತೆಯ ಎಡಭಾಗ ಕುಸಿದು ಹಳ್ಳವಾಗಿತ್ತು. ಬಲಭಾಗ ಅಂಗಡಿಯಿಂದ ಈಗ ತಂದ ಹಾಗೆ ಉಬ್ಬಿತ್ತು.

“ಕಚೇರಿ ಕೊಡೋದು ನಿಲ್ಲಿಸಿದ ಮೇಲೆ ಮೇಡಮ್ ಎಡಗಡೆಗೇ ಕೂರ್ತಿದ್ರು,” ಎಂದಳು ಶಿಷ್ಯೆ. “ಬಲಗಡೆ ಯಾರನ್ನೂ ಕೂರಿಸ್ತಿರಲಿಲ್ಲ. ನಾನು ಪಾಠ ಕಲಿತಿದ್ದೆಲ್ಲ ಈ ಕುರ್ಚಿ ಮೇಲೇನೇ.”

ತಂಗಿ ಬಲಕ್ಕೆ ಸರಿದಳು. ಅಕ್ಕನನ್ನು ಸೋಲಿಸಲು ತಂದಿದ್ದ ಆ ದೊಡ್ಡ ಪೀಸು ಬೆರಳಿಗೆ ಬರಲೇ ಇಲ್ಲ. ಬಂದದ್ದು ಜೋಡಿಪಾಠದ ಮೇಲಿನ ರಾಗ. ರಾಗ ತಡೆದು ನಿಲ್ಲುವ ಕಡೆ, ಕೆಳಗಿನ ಸ್ವರಗಳು ಮಾತಾಡಬೇಕಾದ ಕಡೆ, ಅವಳು ಕೈ ಎತ್ತಿ ಕಾದಳು. ಏನೂ ಕೇಳಿಸಲಿಲ್ಲ. ಮತ್ತೆ ನುಡಿಸಿ ಮತ್ತೆ ಕಾದಳು.

ಟಕ್ ಟಕ್, ಟಕ್.

ತಿರುಗಿ ನೋಡಿದರೆ ದರ್ಜಿ. ಕಣ್ಣು ಮುಚ್ಚಿ, ಹೊಲಿಗೆ ಮೆಷಿನ್ ತುಳಿಯುವ ಹಾಗೆ ನೆಲಕ್ಕೆ ಕಾಲು ಬಡಿಯುತ್ತಿದ್ದಾನೆ. ಅಕ್ಕನ ಪಾಲು ಒಂದು ಏಟೂ ತಪ್ಪದೆ ಅವನ ಪಾದದಲ್ಲಿತ್ತು. ತಂಗಿಗೆಂದು ಅಕ್ಕ ನುಡಿಸಿದ್ದನ್ನೆಲ್ಲ ಈ ಮನುಷ್ಯ ಗೋಡೆ ಆಚೆ ಕೂತು ಗುಂಡಿ ಹೊಲಿಯುತ್ತಾ ಕೇಳಿದ್ದಾನೆ! ತಂಗಿಯ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ಅಕ್ಕನ ಮೇಲೂ ಅಷ್ಟು ಉರಿದುಕೊಂಡವಳಲ್ಲ ಅವಳು.

ಆಗ ಇಡೀ ಮನೆ ಎದ್ದು ನಿಂತಿತು.

ಸರಿ, ಇನ್ನು ಬಿಲ್ಡಪ್ ಸಾಕು, ನಡೆದದ್ದನ್ನೇ ಹೇಳಿಬಿಡುತ್ತೇನೆ. ಜನ ಎದ್ದದ್ದು ಅವಳ ರಾಗಕ್ಕಲ್ಲ. ಬಾಗಿಲಿಗೆ ವ್ಯಾನ್ ಬಂದಿತ್ತು, ಅಕ್ಕನನ್ನು ಎತ್ತಬೇಕಿತ್ತು. ಚಪ್ಪಾಳೆ ಗಿಪ್ಪಾಳೆ ಏನೂ ಇಲ್ಲ. ಪಾಠ ಅರ್ಧಕ್ಕೇ ನಿಂತಿತು.

ಎಲ್ಲರೂ ಹೊರಗೆ ನಡೆದರು. ಶಿಷ್ಯೆ ಬೆಂಚಿನ ಎಡತುದಿಗೆ ಕೂರಲು ಬಂದಳು.

“ಇಲ್ಲಿ ಜನ ಇದ್ದಾರೆ,” ಎಂದಳು ತಂಗಿ.

ಕೈಚೀಲದಿಂದ ಕರ್ಚೀಫು ತೆಗೆದಳು. ಬಸ್ಸಿನಲ್ಲಿ ಸೀಟು ಹಿಡಿಯುವವರ ಹಾಗೆ, ಮಡಿಕೆ ಬಿಚ್ಚಿ ಆ ಹಳ್ಳದ ಮೇಲೆ ಹಾಸಿದಳು.