ಎರಡಾಳಿನ ಅಡ್ಡಕೋಲು

ನಮ್ಮ ಟಿರೋಲ್ ಕಣಿವೆಯಲ್ಲಿ ಸ್ಕೀಯವರನ್ನು ಬೆಟ್ಟ ಹತ್ತಿಸುವ ಹಳೆಯ ಲಿಫ್ಟಿಗೆ ಕುರ್ಚಿಗಳಿಲ್ಲ. ಮೇಲೆ ಓಡುವ ಹಗ್ಗದಿಂದ ಅಡ್ಡಕೋಲುಗಳು ಇಳಿಬಿದ್ದಿರುತ್ತವೆ. ಇಬ್ಬರು ಅಕ್ಕಪಕ್ಕ ನಿಂತು ಒಂದನ್ನು ತೊಡೆಯ ಹಿಂದೆ ಸಿಕ್ಕಿಸಿಕೊಂಡರೆ ಹಿಮದ ಮೇಲೆ ಎಳೆದೊಯ್ಯುತ್ತದೆ. ಭಾನುವಾರದ ಗದ್ದಲದಲ್ಲಿ ಒಬ್ಬರೇ ಹೋಗುವಂತಿಲ್ಲ. ಸಾಲಿನಲ್ಲಿ ಪಕ್ಕಕ್ಕೆ ಬಂದವರೇ ಜೋಡಿ. ನಾನು ನಂಬಿಕೊಂಡಿದ್ದು ಅದನ್ನೇ.

ನನ್ನ ಭಾವ, ಗಂಡನ ಅಣ್ಣ ಕೊರ್ಬಿನಿಯಾನ್, ಬೆಟ್ಟದ ತುದಿಯಲ್ಲಿ ಊಟದ ಮನೆ ನಡೆಸುತ್ತಾನೆ. ಬೆಳಿಗ್ಗೆ ಸ್ಕೀ ಮೇಲೆ ಇಳಿದು, ಬ್ರೆಡ್ಡಿನ ಚೀಲ ಬೆನ್ನಿಗೇರಿಸಿಕೊಂಡು ಲಿಫ್ಟಿನಲ್ಲಿ ಹತ್ತುತ್ತಾನೆ. ನನ್ನ ಗಂಡ ಲೋಯಿಸ್ ಹಿಮಕುಸಿತದಲ್ಲಿ ಸತ್ತಾಗ ಸಮಾಧಿಯ ಮುಂದೆ ಊರೆಲ್ಲ ಕೇಳುವಂತೆ ಅಂದಿದ್ದ: "ನಮ್ಮೂರ ಹೆಂಗಸಾಗಿದ್ದಿದ್ರೆ ಅವತ್ತು ಗಾಳಿ ನೋಡಿ ಅವನನ್ನ ಮನೆಯಿಂದ ಬಿಡ್ತಿರಲಿಲ್ಲ." ನಾನು ಬಯಲಿನಿಂದ ಬಂದವಳು. ಅಂದಿನಿಂದ ನಮಗೆ ಮಾತಿಲ್ಲ. ಆ ಮಾತನ್ನು ನಾನು ಕ್ಷಮಿಸಿಯೂ ಇಲ್ಲ.

ಆದರೆ ಮಗಳು ಬುರ್ಗಿಯ ಮದುವೆ ಬರುವ ಶನಿವಾರ. ಅಪ್ಪನ ಜಾಗದಲ್ಲಿ ದೊಡ್ಡಪ್ಪನೇ ಕೈಹಿಡಿದು ಚರ್ಚಿನೊಳಗೆ ಕರೆದೊಯ್ಯಬೇಕೆಂದು ಅವಳ ಹಠ. "ನೀನೇ ಕರೀಬೇಕಮ್ಮ, ಇಲ್ಲಾಂದ್ರೆ ಅವನು ಬರಲ್ಲ" ಅಂದಳು. ಮಹಾಶಯ ಫೋನ್ ಎತ್ತುವುದಿಲ್ಲ; ದಾರಿಗೆ ಅಡ್ಡ ನಿಂತರೆ ಪಕ್ಕದಲ್ಲೇ ಜಾರಿಕೊಂಡು ಹೋಗುತ್ತಾನೆ. ಅವನು ತಪ್ಪಿಸಿಕೊಳ್ಳಲಾಗದ ಜಾಗ ಲಿಫ್ಟೊಂದೇ. ಎರಡು ಕಾಲಿಗೂ ಒಂದೇ ಹಲಗೆ ಕಟ್ಟಿ ಜಾರುವ ಸ್ನೋಬೋರ್ಡ್ ಕಲಿಸುವ ಮಗಳು ತನ್ನ ಹಲಗೆಯನ್ನೇ ಕೊಟ್ಟು, ಮಕ್ಕಳ ದಿಬ್ಬದಲ್ಲಿ ವಾರವಿಡೀ ನನ್ನನ್ನು ಬೀಳಿಸಿ ಎಬ್ಬಿಸಿದಳು.

ಭಾನುವಾರ ಬೆಳಿಗ್ಗೆ ಲಿಫ್ಟ್ ನಡೆಸುವ ವೆಂಡೆಲಿನ್ ಅಡ್ಡಕೋಲು ಹಿಡಿದು ನಿಂತಿದ್ದ. ಟಿಕೆಟ್ ಗೂಡಿನ ಹಿಂದೆ ಕಾದಿದ್ದ ನಾನು ಒಂದು ಕಾಲು ಹಲಗೆಗೆ ಬಿಗಿದುಕೊಂಡು, ಇನ್ನೊಂದರಲ್ಲಿ ಹಿಮ ತಳ್ಳುತ್ತ ಭಾವನ ಪಕ್ಕಕ್ಕೆ ನುಗ್ಗಿದೆ.

"ಇವಳ ಜೊತೆ ಬೇಡ," ಅಂದ ಕೊರ್ಬಿನಿಯಾನ್.

"ಇದೇನು ನಾಟ್ಯದ ಮನೆಯೇನೋ, ಜೋಡಿ ಆರಿಸೋಕೆ? ನಡಿ!" ವೆಂಡೆಲಿನ್ ಕೋಲನ್ನು ನಮ್ಮಿಬ್ಬರ ಹಿಂದೆ ತುರುಕಿದ.

ಹಗ್ಗ ಜಗ್ಗಿತು. ಸ್ಕೀಯವರು ಮುಂದೆ ನೋಡಿಕೊಂಡು ಹೋಗುತ್ತಾರೆ, ಸ್ನೋಬೋರ್ಡಿನವರು ಅಡ್ಡಡ್ಡ. ಎಡಗಾಲು ಮುಂದಿಟ್ಟ ನನ್ನ ಮುಖ ನೇರವಾಗಿ ಅವನ ಕಿವಿಗೆ. ಕೇಳಬೇಕಾದ್ದನ್ನು ಬಾಯಿಪಾಠ ಮಾಡಿಕೊಂಡಿದ್ದೆ. ಬಾಯಿ ತೆರೆಯುವ ಮೊದಲೇ ಹಲಗೆ ಅಲುಗಾಡಿತು, ಅದನ್ನು ನೆಟ್ಟಗಿಡುವುದೇ ಕೆಲಸವಾಯಿತು.

ಊರಿನವರು 'ಗೋಡೆ' ಎನ್ನುವ ಕಡಿದಾದ ಜಾಗ ಬಂತು. ಅಲ್ಲಿ ಬಿದ್ದವರು ಜಾರಿಹೋಗಿ ಹಿಂದೆ ಬರುವವರನ್ನೂ ಕೆಡವುತ್ತಾರೆ. ಕೆಳಗೆ ನೋಡಿದೆ. ಹೆದರಿಕೆಗೆ ಕೋಲಿನ ಮೇಲೆ ಕೂತುಬಿಟ್ಟೆ. ಅದೊಂದನ್ನು ಮಾತ್ರ ಮಾಡಬೇಡ ಅಂದಿದ್ದಳು ಮಗಳು. ಕೋಲಿನ ಹಗ್ಗ ಸರ್ರನೆ ಬಿಚ್ಚಿಕೊಂಡು ಉದ್ದವಾಯಿತು, ಹಲಗೆ ಓರೆಯಾಗಿ ಅವನ ಸ್ಕೀಗೆ ಬಡಿಯಿತು. ಅವನು ಪಕ್ಕಕ್ಕೆ ಹಾರಿ ಬಚಾವಾಗಬಹುದಿತ್ತು. ಹಾರಲಿಲ್ಲ, ನನ್ನ ಕೋಟಿನ ಕೊರಳಪಟ್ಟಿ ಹಿಡಿದು ಎತ್ತಿದ.

"ಕೂರಬೇಡ! ನಿಲ್ಲು! ಅದೇನು ಅಡುಗೆಮನೆ ಸ್ಟೂಲೇ?"

ಐದು ವರ್ಷದಲ್ಲಿ ಅವನು ನನಗೆ ಆಡಿದ ಮೊದಲ ಮಾತು. ನಿಂತೆ. ಹಿಂಗಾಲನ್ನು ಹಲಗೆಗೆ ಒತ್ತಿ ಹೇಳಿದೆ: "ಬುರ್ಗಿಯನ್ನ ಶನಿವಾರ ಚರ್ಚಿನೊಳಗೆ ನೀನು ಕರ್ಕೊಂಡು ಹೋಗ್ಬೇಕು."

"ನಿಂಗೆ ನಾನು ಬೇಕಾ?"

"ನಂಗೆ ಬೇಡ. ಅವಳಿಗೆ ಬೇಕು."

ಅವನು ಬೆನ್ನಿನ ಬ್ರೆಡ್ಡಿನ ಚೀಲ ಸರಿಪಡಿಸಿಕೊಂಡ. ಇಳಿಯುವ ಜಾಗ ಹತ್ತಿರವಾಯಿತು. ಅಲ್ಲಿ ಒಬ್ಬರು ಕೋಲು ಹಿಡಿದುಕೊಂಡರೆ ಇನ್ನೊಬ್ಬರು ಮೊದಲು ಸರಿಯಬೇಕು. ಇಬ್ಬರೂ ಸರಿಯದಿದ್ದರೆ ಮುಂದೆ ತಂತಿಯಿದೆ. ಅದು ತಾಗಿದರೆ ಇಡೀ ಲಿಫ್ಟ್ ನಿಲ್ಲುತ್ತದೆ.

"ನಾನು ಹಿಡ್ಕೊಂಡಿದೀನಿ, ಇಳಿ."

"ಉತ್ತರ ಹೇಳು, ಇಳೀತೀನಿ."

"ಓಟೀಲಿಯಾ, ತಂತಿ ಬಂತು!"

"ಬರಲಿ."

"ಹುಚ್ಚು ಹಿಡಿದಿದ್ಯಾ? ಹುಟ್ಟಿದಾಗಿಂದ ನಾನು ಆ ತಂತಿ ತಾಗಿಸಿಲ್ಲ ಕಣೇ!"

ಎರಡೂ ಕೈಯಿಂದ ಕೋಲನ್ನು ತಬ್ಬಿಕೊಂಡೆ. ತಂತಿ ಟಣ್ಣೆಂದಿತು. ಲಿಫ್ಟ್ ಗಕ್ಕನೆ ನಿಂತು ನಾವಿಬ್ಬರೂ ಹಿಮದಲ್ಲಿ ಬಿದ್ದೆವು. ಬ್ರೆಡ್ಡುಗಳು ನಾಲ್ಕೂ ಕಡೆ ಉರುಳಿದವು. ಕೆಳಗೆ ಗೋಡೆಯ ಮೇಲೆ ಅರ್ಧ ಊರು ಕೋಲಿಗೆ ಜೋತು ನಿಂತು ಬೈಯುತ್ತಿತ್ತು. ಕಂಬದ ಪೆಟ್ಟಿಗೆಯಲ್ಲಿದ್ದ ಫೋನ್ ಹೊಡೆದುಕೊಂಡಿತು. ಕೊರ್ಬಿನಿಯಾನ್ ಎದ್ದು ಹೋಗಿ ಎತ್ತಿದ.

ವೆಂಡೆಲಿನ್ ಕಿರುಚಿದ್ದು ನನಗೂ ಕೇಳಿಸಿತು: "ಯಾವನೋ ಅದು, ತಂತಿ ತಾಗಿಸಿದ ಪ್ರವಾಸಿ?"

ಭಾವ ನನ್ನತ್ತ ನೋಡಿದ. ಗಡ್ಡದಲ್ಲಿ ಹಿಮ, ಕಣ್ಣು ಕೆಂಪು.

"ಪ್ರವಾಸಿ ಅಲ್ಲ ಕಣೋ," ಅಂದ. "ನಮ್ಮೂರ ಹೆಂಗಸು."

ನನಗೆ ಅಳು ತಡೆಯಲಾಗಲಿಲ್ಲ. ಅವನು ಫೋನಿಟ್ಟು ಬಂದು, ಬ್ರೆಡ್ ಹೆಕ್ಕುತ್ತ ಕೇಳಿದ, "ಶನಿವಾರ ಎಷ್ಟು ಹೊತ್ತಿಗೆ?"