ಕೆಳಗಿನ ಗೆರೆ

ಕಂಪ್ಯೂಟರ್ ಪರದೆಯ ಮೇಲೆ ಎರಡನೆಯ ಚಿತ್ರ ಮೂಡಿದಾಗ ಅವಳು ಮೊದಲು ಮಾಡಿದ ಕೆಲಸವೆಂದರೆ ಕನ್ನಡಕ ತೆಗೆದು ಒರೆಸಿದ್ದು. ಒರೆಸಿ ಹಾಕಿಕೊಂಡರೂ ಮೇಲ್ಗಡೆಯ ದಪ್ಪ ಗೆರೆ ಅಲ್ಲೇ ಇತ್ತು, ಜಪ್ಪಯ್ಯ ಅಂದರೂ ಅಲುಗದೆ.

ಇರಬಾರದಿತ್ತು. ಆಂಟಿಬಾಡಿ ಪ್ರೋಟೀನನ್ನು ಹಿಡಿದಲ್ಲಿ ಮೂಡುವ ಗೆರೆ ಅದು. ಆಂಟಿಬಾಡಿ ಹಿಡಿಯಬೇಕಾದ ಪ್ರೋಟೀನಿನದೇ ಒಂದು ಚೂರನ್ನು, ಆ ಪೆಪ್ಟೈಡನ್ನು, ಮೊದಲೇ ಅದಕ್ಕೆ ಬೆರೆಸಿದ್ದಳು. ಹೊಟ್ಟೆ ತುಂಬಿದ ನೆಂಟ ತಟ್ಟೆ ಮುಟ್ಟುವುದಿಲ್ಲವಲ್ಲ, ಹಾಗೆ ಆಂಟಿಬಾಡಿ ಸುಮ್ಮನಾಗಬೇಕು, ಗೆರೆ ಮಾಯವಾಗಬೇಕು. ಆಗಲಿಲ್ಲವೆಂದರೆ ಇಷ್ಟು ವರ್ಷ ಅದು ಹಿಡಿದದ್ದು ಬೇರೆ ಯಾವುದನ್ನೋ. ರೋಗದ ಜೀವಕೋಶದಲ್ಲಿ ದಪ್ಪಗಾಗುವ ಆ ಒಂದು ಗೆರೆಯ ಮೇಲೆ ಅವಳ ಪಿಎಚ್‌ಡಿ ಪ್ರಬಂಧವಿಡೀ ನಿಂತಿತ್ತು. ಈ ಪರೀಕ್ಷೆಯೊಂದು ಆಗಲಿ ಎಂದು ಹೊರಗಿನ ಪರೀಕ್ಷಕರು ಕೇಳಿದಾಗ, ಇದೇನು ಮಹಾ ಎಂದು ನಕ್ಕಿದ್ದಳು.

ಆ ಆಂಟಿಬಾಡಿಯನ್ನು ಲ್ಯಾಬಿಗೆ ತಂದಿದ್ದ ಅವಳ ಗೈಡ್ ಬಂದು ಬೆನ್ನ ಹಿಂದೆ ನಿಂತರು.

"ಪೆಪ್ಟೈಡ್ ಹಾಕೋಕೆ ಮರೆತ್ಯೇನಮ್ಮಾ?"

"ಇಲ್ಲ ಮೇಡಂ. ಮತ್ತೆ ಮತ್ತೆ ಮಾಡಿದೀನಿ."

"ಹಾಗಾದ್ರೆ ಅದು ಹಾಳಾಗಿರ್ಬೇಕು. ಕೆಲಸ ಮಾಡ್ತಿಲ್ಲ."

"ಮಾಡ್ತಿದೆ ಮೇಡಂ. ಇಲ್ನೋಡಿ."

ಪೆಪ್ಟೈಡ್ ಬೆರೆಸದೆ ತೆಗೆದ ಮೊದಲ ಚಿತ್ರದ ತಳದಲ್ಲಿ ಮಸುಕಾದ ಇನ್ನೊಂದು ಗೆರೆಯಿತ್ತು. ಎರಡನೆಯದರಲ್ಲಿ ಅದು ಹೇಳಹೆಸರಿಲ್ಲದಂತೆ ಹೋಗಿತ್ತು. ಅವಳು ಸೇರಿದ ಹೊಸತರಲ್ಲಿ ಮೇಡಂ, "ಅದು ಕಸ ಕಣೇ, ಕತ್ತರಿಸಿಬಿಡು" ಎಂದು ಕಲಿಸಿದ್ದ ಗೆರೆ. ಅಂದಿನಿಂದ ಪ್ರತಿ ಚಿತ್ರದಲ್ಲೂ ಅದನ್ನು ಕತ್ತರಿಸುತ್ತಲೇ ಬಂದಿದ್ದಳು. ನಿಜವಾದ ಪ್ರೋಟೀನು ಆ ಕಸವೇ ಆಗಿತ್ತು! ಹೋಗಲಿ, ಅದನ್ನಾದರೂ ಹಿಡಿದು ಪ್ರಬಂಧ ಉಳಿಸಿಕೊಳ್ಳೋಣವೆಂದರೆ, ರೋಗದ ಜೀವಕೋಶದಲ್ಲೂ ಆರೋಗ್ಯದ ಜೀವಕೋಶದಲ್ಲೂ ಅದು ಒಂದೇ ಸಮ. ಅದರಿಂದ ಹೇಳುವಂಥದ್ದೇನೂ ಇರಲಿಲ್ಲ.

ಮೇಡಂ ಸ್ಟೂಲು ಎಳೆದುಕೊಂಡು ಕೂತರು. "ಇದನ್ನ ಬೇರೆ ಯಾರಾದ್ರೂ ನೋಡಿದಾರಾ?" ಎಂದರು.

"ನಾವಿಬ್ರೇ."

"ಮೇಲಿನ ಗೆರೆ ಸ್ವಲ್ಪ ತೆಳ್ಳಗಾಗಿಲ್ವಾ? ನೋಡು, ಸರಿಯಾಗಿ ನೋಡು."

"ಆಗಿಲ್ಲ ಮೇಡಂ."

ಅವರು ಎದ್ದು ಹೋದರು. ಫೋನು ಬಡಿದುಕೊಂಡಿತು. ಅಮ್ಮ.

"ಏನೇ ಡಾಕ್ಟ್ರಮ್ಮಾ, ಊಟ ಆಯ್ತಾ?"

"ಹಾಗೆ ಕರೀಬೇಡಮ್ಮ."

"ಕರೀದೆ ಇರ್ತೀನಾ? ಪಕ್ಕದ ಮನೆಯೋರಿಗೆಲ್ಲ ಹೇಳಾಗಿದೆ! ಯಾಕೇ, ದನಿ ಹೀಗಿದೆ?"

"ನೆಗಡಿ" ಎಂದು ಫೋನಿಟ್ಟು, ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು.

ಆಮೇಲೆ ಪರೀಕ್ಷಕರಿಗೆ ಕಳಿಸಲು ಚಿತ್ರಗಳನ್ನು ಅಕ್ಕಪಕ್ಕ ಇಟ್ಟಳು. ಅಭ್ಯಾಸಬಲದಿಂದ ಕೈ ತಾನಾಗಿ ಮೇಲಿನ ಗೆರೆಯ ಸುತ್ತ ಮಾತ್ರ ಚೌಕಟ್ಟು ಎಳೆಯಿತು. ಬೆರಳು ನಿಂತಿತು. ಚೌಕಟ್ಟಿನ ಅಂಚನ್ನು ಹಿಡಿದು ನಿಧಾನವಾಗಿ ಕೆಳಗೆ, ತಳದವರೆಗೂ ಎಳೆದಳು. ಮೊದಲ ಚಿತ್ರದಲ್ಲಿ ಮಸುಕು ಗೆರೆ ಒಳಗೆ ಬಂತು. ಪಕ್ಕದ್ದರಲ್ಲಿ, ಅದೇ ಜಾಗದಲ್ಲಿ, ಬರೀ ಬಿಳುಪು.